ಅವ್ವನಿಗೆ ಎಪ್ಪತ್ತು ತುಂಬುವ ತನಕ

ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯ ಲ್ಯಾಬಿಗೆ ನಾನು ಸೇರಿದಾಗ ಕಂಪನಿಯ ಆರೋಗ್ಯ ವಿಮೆಯಲ್ಲಿ ತಂದೆ ತಾಯಂದಿರಿಗೂ ಜಾಗವಿತ್ತು. ಆ ಧೈರ್ಯದ ಮೇಲೆಯೇ ಹಾವೇರಿಯಿಂದ ಅವ್ವನನ್ನು ಇಲ್ಲಿಗೆ ಕರೆತಂದೆ. ಬಂದ ವರ್ಷವೇ ಅವಳ ಎದೆಯಲ್ಲಿ ಗಂಟು ಕಂಡಿತು. ಆಪರೇಷನ್, ಕಿಮೋ, ಆಮೇಲೆ ಮೂರು ವಾರಕ್ಕೊಂದು ಇಂಜೆಕ್ಷನ್. ಎಲ್ಲವೂ ವಿಮೆಯಲ್ಲೇ ನಡೆಯಿತು.

ಪಾಲಿಸಿ ನವೀಕರಿಸುವ ಹೊತ್ತಿಗೆ ಕಾರ್ಖಾನೆಯ ಮಾಲೀಕರಾದ ಶೇಠ್ ನಮ್ಮನ್ನೆಲ್ಲ ಕ್ಯಾಂಟೀನಿಗೆ ಕರೆಸಿದರು.

"ಕ್ಲೇಮು ಜಾಸ್ತಿಯಾಯಿತಂತೆ, ವಿಮೆಯವರು ಕಂತು ದುಪ್ಪಟ್ಟು ಮಾಡಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದರು. "ಇನ್ನು ಮೇಲೆ ಗಂಡ, ಹೆಂಡತಿ, ಮಕ್ಕಳಿಗೆ ಮಾತ್ರ. ನನ್ನ ತಾಯಿಯ ಹೆಸರನ್ನೂ ತೆಗೆಸಿದ್ದೇನೆ."

ಯಾರ ಕ್ಲೇಮು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಅಷ್ಟು ದೊಡ್ಡ ಕಾಯಿಲೆ ಅವ್ವನದೊಂದೇ. ಪಕ್ಕದ ಮೇಜಿನ ಗುಜರಾತಿ ಹೆಂಗಸು ತನ್ನ ಅಪ್ಪನ ಮಂಡಿ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡಿದ್ದಳು. "ನಿನ್ನದೇನು ತಪ್ಪು, ಬೆಹನ್," ಎಂದಳು. ಆದರೆ ಮರುದಿನದಿಂದ ಅವಳ ಊಟದ ಡಬ್ಬಿ ಬೇರೆ ಟೇಬಲ್ಲಿಗೆ ಹೋಯಿತು.

ನನ್ನ ಸಂಬಳದಲ್ಲಿ ಹಿಡಿದುಕೊಂಡಾದರೂ ಅವ್ವನೊಬ್ಬಳನ್ನು ಉಳಿಸಿ ಎಂದು ಶೇಠ್ ಅವರನ್ನು ಬೇಡಿಕೊಂಡೆ. "ಒಬ್ಬರಿಗೆ ಮಾಡಿದರೆ ಉಳಿದವರಿಗೆ ಹೇಗೆ ಮುಖ ತೋರಿಸಲಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು.

ಬೇರೆ ಪಾಲಿಸಿ ಕೊಡಲು ಯಾರೂ ಒಪ್ಪಲಿಲ್ಲ. ಕಾಯಿಲೆಯ ಹೆಸರು ಕೇಳುತ್ತಲೇ ಏಜೆಂಟರ ಉತ್ಸಾಹ ಇಳಿದುಹೋಗುತ್ತಿತ್ತು. ಎಪ್ಪತ್ತಾದವರಿಗೆ ಮನೆಯವರ ಸಂಬಳ ಎಷ್ಟೇ ಇದ್ದರೂ ಸರ್ಕಾರದ ಉಚಿತ ಚಿಕಿತ್ಸೆಯ ಕಾರ್ಡು ಸಿಗುತ್ತದೆ ಎಂದು ಅವರಲ್ಲೊಬ್ಬ ಹೇಳಿದ. ಆಧಾರಿನಲ್ಲಿ ಅವ್ವನಿಗೆ ಅರವತ್ತೆಂಟು.

"ಎಪ್ಪತ್ತಂತ ಬರಸಾಕ ಬರೂದಿಲ್ಲೇನು? ನಾ ಹುಟ್ಟಿದ್ದನ್ನ ಯಾರ್ ನೋಡ್ಯಾರ?" ಎಂದಳು ಅವ್ವ.

"ಹಂಗ ಬರೂದಿಲ್ಲವ್ವಾ."

"ಹಂಗಾರ ಸೂಜಿ ಬಿಡೂಣು. ಎಪ್ಪತ್ತಾದ ಮ್ಯಾಲೆ ಮಾಡಿಸಿಕೊಂಡ್ರಾತು."

ಅವ್ವನಿಗೆ ಬೇಗ ವಯಸ್ಸಾಗಲಿ ಎಂದು ನಾನು ದೇವರಲ್ಲಿ ಕೇಳಿಕೊಂಡದ್ದು ಆ ದಿನಗಳಲ್ಲೇ.

ತಂದೆ ತಾಯಿಗೂ ವಿಮೆ ಕೊಡುವ ಕಂಪನಿ ಹುಡುಕುತ್ತ ವಡೋದರಕ್ಕೂ ಹೋಗಿ ಬಂದೆ. ಕೊನೆಗೆ ಸಿಕ್ಕಿದ್ದು ಸೂರತ್ತಿನಲ್ಲಿ, ಕಡಿಮೆ ಸಂಬಳಕ್ಕೆ. ಅಲ್ಲಿನ ಅಡಾಜಣ್‌ನಲ್ಲಿ ಮನೆ ಹಿಡಿದೆವು. ಅಷ್ಟರಲ್ಲಿ ದುಡ್ಡು ಹೊಂದದೆ ಕೆಲವು ಇಂಜೆಕ್ಷನ್‌ಗಳು ತಪ್ಪಿಹೋಗಿದ್ದವು. ರೋಗ ಬೆನ್ನುಮೂಳೆಗೆ ಇಳಿದಿದೆ ಎಂದು ಇಲ್ಲಿಯ ಡಾಕ್ಟರು ಹೇಳಿದರು. ತಪ್ಪಿಹೋದದ್ದರಿಂದಲೇ ಹೀಗಾಯಿತೇ ಎಂದು ಕೇಳಿದೆ. ಹೇಳುವುದು ಕಷ್ಟ ಎಂದರು.

ಈಗ ಮತ್ತೆ ಔಷಧಿ ನಡೆದಿದೆ. ಮುಂದಿನ ತಿಂಗಳು ಈ ಕಂಪನಿಯ ಪಾಲಿಸಿಯೂ ನವೀಕರಣಕ್ಕೆ ಬರುತ್ತದೆ. ಅವ್ವನಿಗೆ ಅದನ್ನು ನಾನು ಹೇಳಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಮಲಗಿದ್ದವಳು ಕೇಳಿದಳು: "ಇಲ್ಲೀ ಕಂಪನಿ ಸಾಹೇಬ್ರು ಛಲೋ ಅದಾರೇನು?"

"ಛಲೋ ಅದಾರವ್ವಾ," ಎಂದೆ. ಅವರ ಮುಖವನ್ನೇ ನಾನಿನ್ನೂ ನೋಡಿರಲಿಲ್ಲ.