ಅವ್ವನ ಮಾತು ಕಲಿತ ಮಾರ್ತಾ

ನಾವಿರುವ ಕೂಕಟ್‌ಪಲ್ಲಿಯ ಮೆಟ್ರೋ ಕಂಬದ ಬಳಿ ಸಂಜೆ ಹೊತ್ತು ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಆ ಕಾದ ಹಂಚಿನ ವಾಸನೆ ಮೂಗಿಗೆ ಬಂದರೆ ನನಗೆ ಮೊದಲು ನೆನಪಾಗುವುದು ಹೆತ್ತ ಅವ್ವನಲ್ಲ, ಆಸ್ಟ್ರಿಯಾದ ಒಬ್ಬ ಹೆಂಗಸು. ನಾಚಿಕೆಗೇಡಿನ ಮಾತು, ಒಪ್ಪುತ್ತೇನೆ. ಪೂರ್ತಿ ಕೇಳಿ, ಆಮೇಲೆ ಬೈಯುವಿರಂತೆ.

ಮಾರ್ತಾ ಕಾದಂಬರಿಗಾರ್ತಿ. ಐವತ್ತು ದಾಟಿದ ಮೇಲೆ ಗಂಡ, ಮನೆ, ಹಿಮ ಮೂರನ್ನೂ ಬಿಟ್ಟು ಬಂದು ನಮ್ಮ ಮಾಳಿಗೆಯ ಕೋಣೆ ಬಾಡಿಗೆಗೆ ಹಿಡಿದಳು. ಯುರೋಪಿನವರು ಇಲ್ಲಿಗೆ ಬರುವುದು ಮನಶ್ಶಾಂತಿಗೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಹಾಗಾಗಿ ನೀರಿನ ಕ್ಯಾನು ಮೇಲೆ ಕೊಡಲು ಹೋಗುವಾಗಲೂ ಇಸ್ತ್ರಿ ಅಂಗಿ ತೊಟ್ಟು, ಮೆಟ್ಟಿಲ ಮೇಲೆ ನಿಂತು ಆತ್ಮ, ಕರ್ಮ, ಮಾಯೆ ಎಂದು ಇಂಗ್ಲಿಷಿನಲ್ಲಿ ಕೊರೆಯುತ್ತಿದ್ದೆ. ಆಕೆ ತಾಳ್ಮೆಯಿಂದ ಕೇಳಿ, ಬಚ್ಚಲಿನ ನಲ್ಲಿ ಸೋರುತ್ತಿದೆ ಎನ್ನುತ್ತಿದ್ದಳು. ನಿಮ್ಮಿಂದ ಯಾಕೆ ಮುಚ್ಚಿಡಲಿ? ಆಕೆ ಬರೆಯುತ್ತಿದ್ದ ಪುಸ್ತಕದಲ್ಲಿ ನಾನೂ ಒಂದು ಪಾತ್ರವಾಗಬೇಕೆಂಬ ಆಸೆ ನನಗಿತ್ತು. ಗಚ್ಚಿಬೌಲಿಯ ನನ್ನ ಆಫೀಸಿನಲ್ಲಿ ಆಗಲೇ ಎಲ್ಲರಿಗೂ ಹೇಳಿಯೂ ಆಗಿತ್ತು.

ಈ ಊರಿನ ಭಾಷೆ ಕಲಿಯಬೇಕು ಎಂದು ಆಕೆ ಹೇಳಿದಾಗ ನಾನು ತೆಲುಗು ಟ್ಯೂಷನ್ ಹುಡುಕತೊಡಗಿದೆ. ಅಷ್ಟರಲ್ಲಿ ಅವ್ವ ಆಕೆಯನ್ನು ಅಡುಗೆಮನೆಗೆ ಕರೆದು, ಎದುರು ಕೂರಿಸಿಕೊಂಡು, ಹಿಟ್ಟು ನಾದುತ್ತ ಪಾಠ ಶುರು ಮಾಡಿಯಾಗಿತ್ತು. ಆರು ತಿಂಗಳಿಗೆ ಮಾರ್ತಾ ಚೀಲ ಹಿಡಿದು ತರಕಾರಿ ಸಂತೆಗೆ ಹೊರಟಳು.

"ಬದನಿಕಾಯಿ ಎಳೇವು ಅದಾವೇನ್ರಿ ಅಣ್ಣಾ?"

ತರಕಾರಿಯವನು ಅದು ಆಕೆಯ ದೇಶದ ಭಾಷೆಯೆಂದೇ ತಿಳಿದು, ಬಹಳ ವಿನಯದಿಂದ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಉತ್ತರಿಸಿದ.

ಸುದ್ದಿ ಕೇಳಿ ಅವ್ವನ ಮೇಲೆ ರೇಗಿದೆ. ತೆಲುಗಿನಲ್ಲಿ ರೇಗಿದೆ. ಹೆಂಡತಿ ತೆಲುಗಿನವಳು, ಮಕ್ಕಳ ಮಾತೂ ಅದೇ. ನನ್ನ ನಾಲಿಗೆಯಿಂದ ಕನ್ನಡ ಯಾವಾಗ ಜಾರಿತೋ ತಿಳಿಯಲಿಲ್ಲ. ಅವ್ವನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತನ್ನ ಹುಟ್ಟೂರು ಲಿಂಗಸೂರಿನ ಕನ್ನಡದಲ್ಲೇ.

"ಈ ಊರಿನ ಮಾತು ಕಲಸ್ರಿ ಅಂದ್ಲು, ಕಲಸೀನಿ."

ಅದು ಈ ಊರಿನ ಮಾತಲ್ಲ ಎಂದೆ.

"ನಲವತ್ತು ವರ್ಷ ಇದ ಊರಾಗ ಮಾತಾಡೀನಿ. ಮತ್ತ ಯಾವ ಊರಿಂದಾತು ಅದು? ನೀನಂತೂ ನನ್ನ ಕೂಡ ಮಾತಾಡವಲ್ಲಿ, ಆಕೀನರ ಮಾತಾಡ್ಲಿ ಬಿಡು."

ಆಫೀಸಿಗೆ ತಡವಾಯಿತು ಎಂದು ಜಾರಿಕೊಂಡೆ. ಅಂದು ಭಾನುವಾರ.

ಎರಡು ವರ್ಷದ ಮೇಲೆ ಪುಸ್ತಕ ಬಂತು, ಜರ್ಮನ್ ಭಾಷೆಯಲ್ಲಿ. ಮಾರ್ತಾ ಅಡುಗೆಮನೆಯ ನೆಲದ ಮೇಲೆ ಕೂತು, ನನ್ನ ಸಂಗತಿ ಇದ್ದ ಪುಟ ತೆರೆದು, ಅವ್ವನಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. ನಾನು ಫೋಟೋಕ್ಕೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಕೆಳಗಿನ ಮನ್ಯಾಗ ಒಬ್ಬ ಸಾಹೇಬ ಅದಾನ. ಎಲ್ಲಾರ ಕೂಡ ಅವರವರ ಮಾತಿನ್ಯಾಗ ಮಾತಾಡತಾನ. ತಾಯಿ ಕೂಡ ಮಾತ್ರ ಹೇಂತಿ ಮಾತಿನ್ಯಾಗ."

ಅಷ್ಟೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಅಷ್ಟ ರೀ," ಎಂದಳು.

ಅವ್ವ ನನ್ನ ಮುಖ ನೋಡಲಿಲ್ಲ, ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಅವಮಾನವಾಯಿತು. ಒಂದು ವಾರ ನಾನು ನೀರಿನ ಕ್ಯಾನು ಮಾಳಿಗೆಗೆ ಒಯ್ಯಲಿಲ್ಲ. ಮಾರ್ತಾ ತಾನೇ ಹೊತ್ತುಕೊಂಡು ಹೋದಳು.

ಈಗ ಆಕೆ ಉಪ್ಪಲ್‌ನಲ್ಲಿ ಬೇರೆ ಮನೆ ಮಾಡಿದ್ದಾಳೆ, ತೆಲುಗನ್ನೂ ಕಲಿತಿದ್ದಾಳೆ. ಭಾನುವಾರ ಮೆಟ್ರೋ ಹತ್ತಿ ಬಂದು ಅವ್ವನ ಕೂಡ ಹರಟೆ ಹೊಡೆಯುತ್ತಾಳೆ. ಅವ್ವನ ಕೈಗೆ ಈಗ ರೊಟ್ಟಿ ಬಡಿಯಲು ಆಗದು. ಅದಕ್ಕೇ ಇವತ್ತು ಆ ಕಂಬದ ಬಳಿ ನಿಂತು ನಾಲ್ಕು ರೊಟ್ಟಿ ಕಟ್ಟಿಸಿಕೊಂಡೆ. ಮನೆಯತ್ತ ನಡೆಯುತ್ತ, ಪರೀಕ್ಷೆಗೆ ಹೊರಟವನ ಹಾಗೆ, ಒಂದೇ ಒಂದು ಸಾಲನ್ನು ಬಾಯಿಪಾಠ ಮಾಡಿದೆ.

"ಅವ್ವಾ, ರೊಟ್ಟಿ ತಂದೀನಿ. ಬಿಸಿ ಅದಾವ, ಉಣ್ಣಾಕ ಬಾ."

ಅವ್ವ ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದಳು.

"ಚಲೋ ಮಾತಾಡಾಕತ್ತೀಯಲ್ಲೋ. ಮಾರ್ತಾ ಕಲಸಿದ್ಲೇನು?"

ಹೌದು ಎಂದೆ. ಸುಳ್ಳೇನೂ ಅಲ್ಲ.