ಹನ್ನೊಂದು ಲಕ್ಷದ ಗಿಟಾರಿನೊಳಗೆ ಕ್ಯಾಲೆಂಡರಿನ ಚೂರು

ಅದು 2023ರ ಸೆಪ್ಟೆಂಬರ್ ತಿಂಗಳು. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರ ಕೆಳಗಿನ ಕೋಣೆಯಲ್ಲಿ ನಾನು ಗಿಟಾರ್ ರಿಪೇರಿಯ ಅಂಗಡಿ ತೆರೆದು ಆಗ ಹನ್ನೆರಡು ವರ್ಷವಾಗಿತ್ತು. ಮೇಲಿನ ಮಹಡಿಯಲ್ಲಿ ಸ್ಪರ್ಧಾ ಪರೀಕ್ಷೆಯ ಕೋಚಿಂಗ್ ಕ್ಲಾಸು, ಪಕ್ಕದಲ್ಲಿ ಹಿಟ್ಟಿನ ಗಿರಣಿ. ಲಕ್ಷಗಟ್ಟಲೆ ಬೆಲೆಯ ವಾದ್ಯಗಳ ಮೇಲೂ ನಮ್ಮಲ್ಲಿ ಜೋಳದ ಹಿಟ್ಟು ಕೂತಿರುತ್ತದೆ. ಗಿರಾಕಿಗಳು ಅದಕ್ಕೆ ಬೇಸರಪಟ್ಟಿಲ್ಲ.

ನಾನು ಕಲಬುರಗಿ ಕಡೆಯವನು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆಂದು ಪುಣೆಗೆ ಬಂದಾಗ ನನಗೆ ಆರು ವರ್ಷ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಕ್ಯಾಂಪ್ ಬಡಾವಣೆಯ ಒಂದು ವಾದ್ಯದಂಗಡಿಗೆ ಬಾಗಿಲು ರಿಪೇರಿ ಮಾಡಲು ಹೋದೆ. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿಸಿಕೊಂಡ ಮಾಲೀಕರು ಚಹಾ ತರಿಸಿದರು. ಅವರು ಬೆಳಗಾವಿಯವರು, ಹೆಸರು ಗುರುನಾಥ. ಬಾಗಿಲು ಮುಗಿದ ಮೇಲೆ ಒಂದು ಮುರಿದ ಗಿಟಾರ್ ಕೊಟ್ಟು, ಇದನ್ನೂ ಕೂಡಿಸಿಕೊಡು ಎಂದರು. ಕೂಡಿಸಿದೆ. ಅಂದಿನಿಂದ ಹನ್ನೊಂದು ವರ್ಷ ಅಲ್ಲಿಯೇ ಉಳಿದೆ. ಅವರನ್ನು ಕಾಕಾ ಎಂದೆ, ಬರೀ ಬಾಯಿಮಾತಿಗಲ್ಲ. ನನ್ನ ಮದುವೆಯಲ್ಲಿ ನಮ್ಮ ಕಡೆಯ ಹಿರಿಯರಾಗಿ ನಿಂತವರು ಅವರೇ. ಸ್ವಂತ ಅಂಗಡಿ ಹಾಕುವಾಗ ಮೊದಲ ಉಳಿ ಕೊಟ್ಟವರೂ ಅವರೇ.

ಕಾಕಾ ಕಲಿಸಿದ ಮೊದಲ ಪಾಠ ಒಂದು ಪೆನ್ಸಿಲ್ಲಿನದು. ಯಾವ ಗಿಟಾರ್ ಬಿಚ್ಚಿದರೂ ಮುಚ್ಚುವ ಮುನ್ನ ಒಳಗೆ ಹೆಸರು, ತಾರೀಖು ಬರೆಯಬೇಕು. "ಮಾಡಿದ ಕೆಲಸ ಮುಚ್ಚಿಡಬಾರದಪಾ. ಮುಂದ ಬಿಚ್ಚಾಂವಗ ಗೊತ್ತಾಗಬೇಕು" ಎನ್ನುತ್ತಿದ್ದರು. ಈ ಮಾತನ್ನು ನಾನು ದೇವರ ಮಾತಿನಂತೆ ಪಾಲಿಸಿಕೊಂಡು ಬಂದೆ.

ಓದುಗರಿಗೆ ನಮ್ಮ ಕಸುಬಿನ ಒಂದೆರಡು ಸಂಗತಿ ಹೇಳಬೇಕು. ಎಲೆಕ್ಟ್ರಿಕ್ ಗಿಟಾರಿನ ಒಡಲು ಟೊಳ್ಳಲ್ಲ, ಗಟ್ಟಿ ಹಲಗೆ. ತಂತಿಯ ಕಂಪನವನ್ನು ಅದರ ಕೆಳಗಿರುವ ಪಿಕಪ್ ಎಂಬ ಆಯಸ್ಕಾಂತದ ಸುರುಳಿ ಹಿಡಿದು ಆಂಪ್ಲಿಫೈಯರಿಗೆ ಕಳಿಸುತ್ತದೆ. ಹದಿನೈದು ಸಾವಿರಕ್ಕೂ ಒಂದು ಗಿಟಾರ್ ಸಿಗುತ್ತದೆ, ಎರಡು ಲಕ್ಷಕ್ಕೂ ಸಿಗುತ್ತದೆ. ನನ್ನ ಅನುಭವದಲ್ಲಿ ಸುಮಾರು ಒಂದು ಲಕ್ಷದವರೆಗೆ ನೀವು ಕೊಡುವ ಹಣ ಕೆಲಸಕ್ಕೆ ಸಲ್ಲುತ್ತದೆ: ಒಣಗಿದ ಮರ, ಬೆರಳೊತ್ತುವ ಕಡೆ ಸಮನಾದ ಫ್ರೆಟ್ಟು ಪಟ್ಟಿಗಳು, ಒಳ್ಳೆಯ ಪಿಕಪ್. ಅದರಾಚೆ ಕೊಡುವುದು ಹೆಸರಿಗೆ. ಇನ್ನು ವಿಂಟೇಜ್ ಎನ್ನುವ ಅರವತ್ತರ ದಶಕದ ಅಮೆರಿಕನ್ ಗಿಟಾರುಗಳಿಗೆ ಹತ್ತು ಲಕ್ಷ, ಇಪ್ಪತ್ತು ಲಕ್ಷ. ಅಲ್ಲಿ ಜನ ಕೊಳ್ಳುವುದು ವಯಸ್ಸನ್ನು. ಒಂದು ಸ್ಕ್ರೂ ಬದಲಾಗಿದ್ದರೂ ಬೆಲೆ ಇಳಿಯುತ್ತದೆ. ಅದಕ್ಕೇ ಕೊಳ್ಳುವ ಮುನ್ನ ಬಿಚ್ಚಿ ನೋಡಿ ಬರೆದುಕೊಡುವವನೊಬ್ಬ ಬೇಕು. ಪುಣೆಯಲ್ಲಿ ಅಂಥ ನಾಲ್ಕಾರು ಮಂದಿಯಲ್ಲಿ ನಾನೂ ಒಬ್ಬ.

ಚೈತ್ರಾ ಬಂದದ್ದು ಒಂದು ಶನಿವಾರ ಬೆಳಿಗ್ಗೆ. ಹಾಸನದವರು, ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ, ವಾರಾಂತ್ಯದಲ್ಲಿ ಮೂವರು ಗೆಳತಿಯರ ಬ್ಯಾಂಡಿನಲ್ಲಿ ಗಿಟಾರ್. ರಿಕ್ಷಾದಿಂದ ಕೇಸನ್ನು ಮಗುವಿನಂತೆ ಎತ್ತಿಕೊಂಡು ಇಳಿದರು.

"ಸರ್, ಇದನ್ನ ಒಂದ್ಸಲ ಚೆಕ್ ಮಾಡಿ ಬರ್ಕೊಡ್ತೀರಾ? ಮೂರು ಲಕ್ಷ ಅಡ್ವಾನ್ಸ್ ಕೊಟ್ಟಿದೀನಿ. ನಿಮ್ಮ ಲೆಟರ್ ಸಿಕ್ರೆ ಸೋಮವಾರ ಇನ್ನೆಂಟು ಲಕ್ಷ ಕೊಡ್ಬೇಕು. ಫ್ಲ್ಯಾಟ್ ಬುಕ್ ಮಾಡೋಕೆ ಅಂತ ಇಟ್ಟಿದ್ದ ದುಡ್ಡು. ಅಮ್ಮಂಗೆ ಇನ್ನೂ ಹೇಳಿಲ್ಲ" ಎಂದು ನಕ್ಕರು.

ಮಾರುವವರು ಯಾರು ಎಂದು ಕೇಳಿದೆ. ಕ್ಯಾಂಪಿನ ಗುರುನಾಥ್ ಅಂಕಲ್ ಎಂದರು. ನಿಮ್ಮ ಹೆಸರು ಹೇಳಿದವರೂ ಅವರೇ ಎಂದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಗುರು ತನ್ನ ಮಾಲನ್ನು ಶಿಷ್ಯನ ಕೈಗೆ ಪರೀಕ್ಷೆಗೆ ಕಳಿಸಿದ್ದರು.

ಕೇಸು ತೆರೆದರೆ ಮಾಸಲು ಹಸಿರು ಬಣ್ಣದ ಗಿಟಾರ್. ಬಲಗೈ ಮೊಣಕೈ ಒರಗುವ ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. ಮೆರುಗಿನ ಮೇಲೆಲ್ಲ ಕೂದಲೆಳೆಯಂಥ ಬಿರುಕು. ತಿರುಗುಗುಂಡಿಗಳು ಹಳದಿಗೆ ತಿರುಗಿದ್ದವು. ಆಂಪ್ಲಿಫೈಯರಿಗೆ ಜೋಡಿಸಿ ಚೈತ್ರಾ ನುಡಿಸಿದರು. ದನಿ ತುಂಬಿತ್ತು, ತುದಿಯಲ್ಲಿ ಒಂದಿಷ್ಟು ಬೆಚ್ಚಗಿತ್ತು. ಗಿರಣಿಯಲ್ಲಿ ಹಿಟ್ಟು ಬೀಸಿಸಲು ಬಂದ ಹಿರಿಯ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ಕೇಳಿದರು.

ನಾನು ತಲೆದೂಗಿ, "ಅರವತ್ತು ವರ್ಷ ಒಣಗಿದ ಕಟಗಿ ಅದ ಮೇಡಂ ಇದು. ಈ ಧ್ವನಿ ಹೊಸಾದರಾಗ ಬರಂಗಿಲ್ರಿ" ಎಂದೆ.

ಈ ಮಾತು ನೆನಪಾದರೆ ಇಂದಿಗೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮೊದಲು ಹಲಗೆಯ ಮುಚ್ಚಳ ಬಿಚ್ಚಿದೆ. ಪಿಕಪ್ಪುಗಳು ನಿಜಕ್ಕೂ ಹಳೆಯವು, ಬೆಸುಗೆಯೂ ಹಳೆಯದೇ. ಪಿಕಪ್ ಕೂರುವ ಗುಳಿಯ ಒಂದು ಮೂಲೆಯನ್ನು ಯಾರೋ ಮರಳು ಕಾಗದದಿಂದ ಉಜ್ಜಿ ಮೇಲೆ ಬಣ್ಣ ಬಳಿದಿದ್ದರು. ಅಲ್ಲಿಯೇ ಎಚ್ಚರವಾಗಬೇಕಿತ್ತು, ಆಗಲಿಲ್ಲ. ಆಮೇಲೆ ಹಿಂಬದಿಯ ನಾಲ್ಕು ಸ್ಕ್ರೂ ತೆಗೆದು ಕೊರಳನ್ನು, ಅಂದರೆ ನೆಕ್ಕನ್ನು, ಒಡಲಿನಿಂದ ಬೇರ್ಪಡಿಸಿದೆ. ಬುಡದಲ್ಲಿ ಅರವತ್ನಾಲ್ಕನೆಯ ಇಸವಿಯ ಮುದ್ರೆ ಇತ್ತು. ಕೊರಳು ಕೂರುವ ಗುಳಿಯಲ್ಲಿ ಮಾತ್ರ ಬಣ್ಣದ ಕೆಳಗೆ ಬೆರಳಗಲದ ಒಂದು ಉಬ್ಬು ಕಂಡಿತು.

ಕೊರಳಿನ ಓರೆ ಸರಿಪಡಿಸಲು ಆ ಗುಳಿಯಲ್ಲಿ ಒಂದು ತೆಳ್ಳನೆಯ ಚೂರು ಇಡುವುದುಂಟು. ಶಿಮ್ ಎನ್ನುತ್ತಾರೆ. ಒಬ್ಬೊಬ್ಬ ಕೆಲಸಗಾರನದು ಒಂದೊಂದು ಅಭ್ಯಾಸ. ಕಾಕಾ ವಿಸಿಟಿಂಗ್ ಕಾರ್ಡ್ ಕತ್ತರಿಸುತ್ತಿದ್ದರು. ನಾನು ಹಳೆಯ ಕನ್ನಡ ಕ್ಯಾಲೆಂಡರಿನ ಹಾಳೆಯನ್ನು ಎರಡು ಮಡಿಕೆ ಮಾಡಿ, ಒಂದು ಹನಿ ಅಂಟು ಹಾಕಿ ಕೂರಿಸುತ್ತೇನೆ. ಆ ಕ್ಯಾಲೆಂಡರನ್ನು ಪ್ರತಿ ಜನವರಿ ಬೆಳಗಾವಿಯಿಂದ ನನಗಾಗಿ ತರುತ್ತಿದ್ದವರು ಕಾಕಾ.

ಬ್ಲೇಡಿನ ತುದಿಯಿಂದ ಉಬ್ಬನ್ನು ಎಬ್ಬಿಸಿದೆ. ಮಡಿಕೆ ಬಿಚ್ಚಿದೆ. ಹೊರಗೆಲ್ಲ ಹಸಿರು ಬಣ್ಣ ಮೆತ್ತಿತ್ತು, ಒಳಗೆ ಹಾಳೆ ಸ್ವಚ್ಛವಾಗಿತ್ತು. ಕೆಂಪು ಅಂಕಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಹುಣ್ಣಿಮೆ'.

ಅಮೆರಿಕದ ಕಾರ್ಖಾನೆಯಲ್ಲಿ ಅರವತ್ನಾಲ್ಕರಲ್ಲಿ ಹುಣ್ಣಿಮೆ ನೋಡುವವರು ಯಾರೂ ಇರಲಿಲ್ಲ. ಚೂರು ಎದ್ದ ಗುಳಿಯನ್ನು ಮೂಗಿನ ಹತ್ತಿರ ತಂದೆ. ತೂನ್ ಮರದ ವಾಸನೆ ಬಂತು. ತಂಬೂರಿಗೆ ಬಳಸುವ ಆ ಮರವನ್ನು ಮಿರಜದಿಂದ ತಂದು ಒಡಲು ಕೊರೆದವನು ನಾನೇ. ಒಂಬತ್ತು ವರ್ಷದ ಹಿಂದೆ ಕಾಕಾ, ಸಿನಿಮಾ ಶೂಟಿಂಗಿನವರಿಗೆ ಬೇಕು, ನೋಡಲು ಹಳೆಯದರಂತಿರಲಿ ಎಂದು ಮಾಡಿಸಿದ್ದರು. ಆಗ ಅದು ಕೆಂಪು ಬಣ್ಣದ್ದಾಗಿತ್ತು. ನಾನು ಮೂವತ್ತು ಸಾವಿರ ಪಡೆದು, ಒಳಗೆ ಹೆಸರು ಬರೆದು ಕೊಟ್ಟಿದ್ದೆ. ಮರಳು ಕಾಗದದಿಂದ ಉಜ್ಜಿದ್ದು ಆ ಹೆಸರನ್ನೇ.

"ಏನಾದ್ರೂ ಪ್ರಾಬ್ಲಮ್ಮಾ ಸರ್?" ಎಂದು ಚೈತ್ರಾ ಕೇಳಿದರು.

"ಇಲ್ರಿ. ಇನ್ನಾ ಸ್ವಲ್ಪ ನೋಡೋದು ಅದ. ನಾಳಿ ಬರ್ರಿ" ಎಂದೆ. ಚೂರು ನನ್ನ ಮುಷ್ಟಿಯಲ್ಲಿತ್ತು.

ಸ್ಕೂಟರ್ ಹತ್ತಿ ಕ್ಯಾಂಪಿಗೆ ಹೋದೆ. ದಾರಿಯುದ್ದಕ್ಕೂ ಕಾಕಾಗೆ ಯಾರೋ ಟೋಪಿ ಹಾಕಿರಬೇಕು, ಸಿನಿಮಾದವರು ಮಾರಿರಬೇಕು, ಅದು ಕೈಯಿಂದ ಕೈಗೆ ಹೋಗಿ ತಿರುಗಿ ಇವರ ಬಳಿಯೇ ಬಂದಿರಬೇಕು ಎಂದೆಲ್ಲ ಲೆಕ್ಕ ಹಾಕಿದೆ. ಕಾಕಾ ಅಂಗಡಿಯಲ್ಲಿ ಒಬ್ಬರೇ ಕೂತು ಬೆಣ್ಣೆ ಸವರಿದ ಬನ್ ಮಸ್ಕಾ ತಿನ್ನುತ್ತಿದ್ದರು. ಚೂರನ್ನು ಗಾಜಿನ ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು. ಯಾರೋ ಮೋಸ ಮಾಡಿದ್ದಾರೆ ಎಂದು ಅವರು ಗಾಬರಿಯಾಗಲಿ ಎಂದು ನಾನು ಕಾಯುತ್ತಿದ್ದೆ.

"ಇದೊಂದು ಉಳೀತು ನೋಡು. ಶಿರೂರದ ಗ್ಯಾರೇಜಿನ್ಯಾಂವಗ ಎಲ್ಲಾ ಕಿತ್ತಿ ಬಣ್ಣಾ ಹೊಡಿ ಅಂತ ಹೇಳಿದ್ದೆ" ಎಂದರು.

ಶೂಟಿಂಗೇ ಇರಲಿಲ್ಲವಂತೆ. ಒಂದು ಒಡೆದ ಅಸಲಿ ಗಿಟಾರಿನ ಕೊರಳು, ಪಿಕಪ್ಪು, ಗುಂಡಿಗಳು ಅವರ ಬಳಿ ಇದ್ದವು. ಅವನ್ನು ಜೋಡಿಸಲು ಒಂದು ಒಡಲು ಬೇಕಿತ್ತು. ಒಂಬತ್ತು ವರ್ಷ ಕಾದು, ಬಣ್ಣ ಬದಲಿಸಿ, ಆ ಅಸಲಿ ಭಾಗಗಳನ್ನು ಹಾಕಿ ಹೊರಗೆ ತಂದಿದ್ದರು.

"ಕಾಕಾ, ಆಕಿ ಮನಿಗಂತ ಇಟ್ಟ ರೊಕ್ಕರೀ ಅದು."

"ಆಕಿಗೆ ಧ್ವನಿ ಸೇರ್ತೋ ಇಲ್ಲೋ? ನಿನಗ ಸೇರ್ತೋ ಇಲ್ಲೋ? ಅದಽ ಗಿಟಾರಿಗೆ ನಿನ್ನ ಹೆಸರು ಹಚ್ಚಿದರ ಮೂವತ್ತು ಸಾವಿರ, ಅಮೆರಿಕಾದ ಹೆಸರು ಹಚ್ಚಿದರ ಹನ್ನೊಂದು ಲಕ್ಷ. ಇದರಾಗ ಮೋಸ ಯಾರದಪಾ?"

ನನ್ನ ಕೈಕೆಲಸಕ್ಕೆ ನನ್ನ ಹೆಸರಿನಲ್ಲಿ ಬೆಲೆಯಿಲ್ಲ ಎಂಬುದು ನನಗೂ ಉರಿಯುವ ಗಾಯವೇ. ಆದರೆ ನನ್ನನ್ನು ಕೊಯ್ದದ್ದು ಬೇರೆಯದೇ ಒಂದು ಸಂಗತಿ. ಅದನ್ನು ಕೇಳಿಯೇಬಿಟ್ಟೆ: ಪುಣೆಯಲ್ಲಿ ಇಷ್ಟು ಮಂದಿ ಇರುವಾಗ ನನ್ನ ಹತ್ತಿರವೇ ಏಕೆ ಕಳಿಸಿದಿರಿ? ಬಿಚ್ಚಿದರೆ ನನಗೆ ತಿಳಿಯುತ್ತಿರಲಿಲ್ಲವೇ?

ಕಾಕಾ ಕೈ ಒರೆಸಿಕೊಂಡು, "ತಿಳೀತದ ಅಂತನಽ ಕಳಿಸಿದೆ. ಬ್ಯಾರೇದಾಂವ ಸಂಶೇ ಬಂದರ ಬಾಯಿ ಬಿಡ್ತಾನ. ನೀ ಬಿಡಂಗಿಲ್ಲ. ನನ್ನ ಮುಂದ ನೀ ಯಾವತ್ತರ ಎದುರು ಮಾತಾಡೀಯೇನು?" ಎಂದರು. ಪ್ರೀತಿಯಿಂದಲೇ ಹೇಳಿದರು.

ಇಪ್ಪತ್ತಮೂರು ವರ್ಷ ನಾನು ಇಟ್ಟ ಗೌರವವನ್ನು ಆ ಮನುಷ್ಯ ಒಂದು ಉಪಕರಣದಂತೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಬೇಕಾದ ದಿನ ತೆಗೆದರು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಉಣಿಸಿದವರೇ ಎರಡು ಬಗೆದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳುವುದಿಲ್ಲ. ಚೂರನ್ನು ಎತ್ತಿಕೊಂಡು ಹೊರಬಂದೆ. ಹಿಂದಿನಿಂದ, ಚಾ ಕುಡದು ಹೋಗು ಎಂದು ಕೂಗಿದರು.

ಭಾನುವಾರ ಚೈತ್ರಾ ಬಂದರು. ಕೊರಳು ಬಿಚ್ಚಿಟ್ಟ ಗಿಟಾರಿನ ಪಕ್ಕದಲ್ಲಿ ಚೂರು ಇಟ್ಟು ಎಲ್ಲ ಹೇಳಿದೆ. ಮಾಡಿದವನು ನಾನೇ ಎಂಬುದನ್ನೂ ಹೇಳಿದೆ. ಅವರು ಚೂರನ್ನು ಕೈಯಲ್ಲಿ ಹಿಡಿದು ಓದಿದರು. ಆ ಅಕ್ಷರವನ್ನು ಓದಬಲ್ಲ ಗಿರಾಕಿಗೇ ಕಾಕಾ ಆ ಗಿಟಾರ್ ಮಾರಲು ಹೊರಟಿದ್ದರಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

"ಅಂಕಲ್ ನನ್ ಜೊತೆ ಕನ್ನಡ ಮಾತಾಡಿದ್ರು. ಅದಕ್ಕೇ ನಂಬ್ಬಿಟ್ಟೆ" ಎಂದರು. ಚೂರನ್ನು ಮೇಜಿನ ಮೇಲಿಟ್ಟು, ಜೋಡಿಸಿಕೊಡಿ, ಒಂದ್ಸಲ ನುಡಿಸ್ತೀನಿ ಎಂದರು. ಅದೇ ತಂತಿ, ಅದೇ ಆಂಪ್ಲಿಫೈಯರ್. ಅರ್ಧಕ್ಕೇ ನಿಲ್ಲಿಸಿದರು. "ಸೌಂಡ್ ಏನೂ ಚೇಂಜ್ ಆಗಿಲ್ಲ ಅಲ್ವಾ ಸರ್? ಆದ್ರೆ ನೆನ್ನೆ ಕೇಳಿಸ್ತಿದ್ದದ್ದು ಇವತ್ತು ಕೇಳಿಸ್ತಿಲ್ಲ."

ಪತ್ರ ಬರೆದೆ. ಒಡಲು ತೂನ್ ಮರ, ತಯಾರಿಕೆ ಪುಣೆ, ತಯಾರಿಸಿದವನು ಶರಣಪ್ಪ. ಸಹಿ ಹಾಕಿದೆ. ಪೊಲೀಸ್ ಠಾಣೆಗೆ ಹೋಗುವುದಾದರೆ ನಾನೂ ಬರುತ್ತೇನೆ ಎಂದೆ. ಅದರ ಅಗತ್ಯ ಬರಲಿಲ್ಲ. ಆ ಪತ್ರ ತೋರಿಸಿದ ಕೂಡಲೇ ಕಾಕಾ ಅಡ್ವಾನ್ಸ್ ಪೂರ್ತಿ ಹಿಂದಿರುಗಿಸಿ ಗಿಟಾರ್ ಇಟ್ಟುಕೊಂಡರು. ಆದರೆ ಚೈತ್ರಾ ಅಂದು ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದ ಒಂದು ಮಾತು ಉಳಿದಿದೆ.

"ನೆನ್ನೆನೇ ಗೊತ್ತಿತ್ತಲ್ವಾ ನಿಮಗೆ? ಕೈಲಿ ಏನೋ ಮುಚ್ಚಿಟ್ಕೊಂಡ್ರಿ."

ಹೌದು ಎಂದೆ. ಮತ್ತೆ ಅವರು ನನ್ನ ಅಂಗಡಿಗೆ ಬರಲಿಲ್ಲ.

ಮುಂದಿನ ತಿಂಗಳು ದಸರೆ ಬಂತು. ನಮ್ಮ ಕಡೆ ಅಂದು ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಎಂದು ಕಾಲಿಗೆ ಬೀಳುತ್ತಾರೆ. ಇಪ್ಪತ್ತಮೂರು ವರ್ಷ ತಪ್ಪದೆ ಕಾಕಾನ ಮನೆಗೆ ಹೋಗುತ್ತಿದ್ದವನು ಆ ವರ್ಷ ಹೋಗಲಿಲ್ಲ. ಸಂಜೆ ಅಂಗಡಿಯ ಆಯುಧಪೂಜೆಯ ಹೂ ಸರಿಪಡಿಸುತ್ತಿದ್ದಾಗ ಕಾಕಾ ತಾವೇ ಬಂದು ಹೊಸ್ತಿಲಲ್ಲಿ ನಿಂತರು. ಎಪ್ಪತ್ತೊಂದರ ಮುದುಕ, ಮುಷ್ಟಿಯಲ್ಲಿ ಬನ್ನಿ.

"ತಗೋಪಾ. ಬಂಗಾರ" ಎಂದರು.

ಹಳೆಯ ಗಿಟಾರಿಗೆ ಅಷ್ಟು ಬೆಲೆ ಕೊಡಬಹುದೇ ಎಂದು ಈಗಲೂ ಗಿರಾಕಿಗಳು ಕೇಳುತ್ತಾರೆ. ಕಿವಿಗೆಂದು ಕೊಡಬೇಡಿ, ನನ್ನ ಕಿವಿಯೇ ನನ್ನ ಕೆಲಸವನ್ನು ಗುರುತಿಸಲಿಲ್ಲ ಎನ್ನುತ್ತೇನೆ. ಅದರ ಹಿಂದಿನ ಕಥೆಗಾಗಿ ಕೊಡುವ ಮನಸ್ಸಿದ್ದರೆ ಕೊಡಿ, ಅದು ತಪ್ಪಲ್ಲ. ಬನ್ನಿಯನ್ನು ನಾವು ಬಂಗಾರ ಎಂದೇ ಕೊಡುತ್ತೇವೆ. ಅದು ಎಲೆ ಎಂದು ಕೊಡುವವನಿಗೂ ಗೊತ್ತು, ಪಡೆಯುವವನಿಗೂ ಗೊತ್ತು. ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಅದು ಮೋಸ, ಒಂದು ದಿನದ ಮಟ್ಟಿಗಾದರೂ ಸರಿಯೇ. ಅಂದಿನಿಂದ ಒಳಗೆ ಏನು ಕಂಡರೂ ಗಿರಾಕಿಯ ಎದುರಿಗೇ, ಅದೇ ಕ್ಷಣದಲ್ಲಿ ಹೇಳುತ್ತೇನೆ.

ಅಂದು ಕಾಕಾನ ಕೈಯಿಂದ ಬನ್ನಿ ತೆಗೆದುಕೊಂಡೆ. ಕಾಲಿಗೆ ಬೀಳಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಮೆಟ್ಟಿಲು ಇಳಿದು ಹೋದರು.