ಬುಡು ಅನ್ನುವ ಮಾತು

ಬಿಳಿಗೆರೆಯ ಸಿದ್ದಕ್ಕನಿಗೆ ನಲವತ್ತಮೂರು ವರ್ಷ. ಅವಳಿಗೆ ತನ್ನ ಕೈಗಳೆಂದರೆ ಭಯ.

ಮೊದಲು ಹಾಗಿರಲಿಲ್ಲ. ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿ, ಒಳಗೆ ಕೊಬ್ಬರಿ ಗುಡುಗುಡು ಅನ್ನತೊಡಗಿದ ಕಾಯನ್ನು ಚೀಲಕ್ಕೆ ತುಂಬಿ, ಹಗ್ಗ ಕಟ್ಟಿ ಇಳಿಸುವುದು ಆ ಮನೆಯಲ್ಲಿ ಅವಳ ಕೆಲಸ. ಕೆಳಗೆ ನಿಂತು ಹಿಡಿಯುವವಳು ವಾರಗಿತ್ತಿ ಬೋರಮ್ಮ. ಚೀಲ ತೋಳಿಗೆ ಸಿಕ್ಕಿದಾಗ ಬೋರಮ್ಮ "ಬುಡು" ಅನ್ನುತ್ತಿದ್ದಳು. ಮೇಲೆ ಸಿದ್ದಕ್ಕನ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಹದಿನೆಂಟು ವರ್ಷದಲ್ಲಿ ಆ ಮಾತು ಕಿವಿಯಿಂದ ನೇರವಾಗಿ ಬೆರಳಿಗೇ ಹೋಗುವುದನ್ನು ಕಲಿತಿತ್ತು.

ಎರಡು ವರ್ಷದ ಕೆಳಗೆ ಒಂದು ಬೆಳಿಗ್ಗೆ, ಚೀಲ ಇನ್ನೂ ನಡುವೆ ತೂಗುತ್ತಿದ್ದಾಗ, ಬೋರಮ್ಮ ಬಾಗಿಲಲ್ಲಿ ನಿಂತಿದ್ದ ನೆರೆಮನೆಯವಳಿಗೆ "ಅವರ ಸುದ್ದಿ ಬುಡು" ಅಂದಳು. ಸಿದ್ದಕ್ಕನ ಬೆರಳು ಬಿಚ್ಚಿಕೊಂಡವು. ಬೋರಮ್ಮನ ಬಲ ಮಣಿಕಟ್ಟು ಮುರಿಯಿತು. ಕೂಡಿಕೊಂಡರೂ ಸೊಟ್ಟಗೇ ಉಳಿಯಿತು. ಅವಳು ಒಂದು ದಿನವೂ ಬೈಯಲಿಲ್ಲ. ಎಡಗೈಯಲ್ಲಿ ಮುದ್ದೆ ಕಟ್ಟಲು ಕಲಿತಳು. ಚಪ್ಪಟೆಯಾದ ಆ ಮುದ್ದೆ ತಟ್ಟೆಗೆ ಬಿದ್ದಾಗಲೆಲ್ಲ ಸಿದ್ದಕ್ಕ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳು ಹಗ್ಗ ಮುಟ್ಟುವುದನ್ನೇ ನಿಲ್ಲಿಸಿದಳು. ನೆಂಟರ ಕೂಸನ್ನು ಎತ್ತಿಕೊಳ್ಳಲೂ ಹೆದರಿದಳು.

ತಿಪಟೂರಿನ ಜಿಮ್ಮಿನಲ್ಲಿ ಭಾರ ಎತ್ತುವುದನ್ನು ಕಲಿಸುವ ಮಲ್ಲಿಕಾರ್ಜುನಯ್ಯ ನಿವೃತ್ತ ಡ್ರಿಲ್ ಮೇಷ್ಟ್ರು. ಅವಳು ಹಿಂಡಿ ಮೂಟೆಯನ್ನು ಒಬ್ಬಳೇ ಬೆನ್ನಿಗೆ ಹಾಕಿಕೊಂಡದ್ದನ್ನು ಪೇಟೆಯಲ್ಲಿ ಕಂಡು, ನಲವತ್ತು ದಾಟಿದ ಹೆಂಗಸರಿಗೂ ತುಮಕೂರಿನಲ್ಲಿ ಪವರ್‌ಲಿಫ್ಟಿಂಗ್ ಸ್ಪರ್ಧೆಯಿದೆ, ಕಲಿಯಲು ಬಾ ಎಂದರು. ಅವಳು ಹೋದದ್ದು ಪದಕಕ್ಕಲ್ಲ. ತನ್ನ ಕೈ ಹಿಡಿದದ್ದನ್ನು ಹಿಡಿದೇ ಇರುತ್ತದೆಯೇ ಎಂದು ಅವಳಿಗೆ ತಿಳಿಯಬೇಕಿತ್ತು.

ಮೇಷ್ಟ್ರು ಮೊದಲು ಮೂಟೆಯ ಅಭ್ಯಾಸ ಬಿಡಿಸಿದರು. ತೊಡೆಗೆ ತಾಗಿಸಿ ಮೇಲಕ್ಕೆ ಎಸೆಯುವಂತಿಲ್ಲ. ಎರಡು ತುದಿಗೂ ತೂಕದ ಬಿಲ್ಲೆ ಹಾಕಿದ ರಾಡು ನೆಲದಿಂದ ತೊಡೆಯವರೆಗೆ ಕಾಲಿಗೆ ಒತ್ತಿಕೊಂಡೇ ಏರಬೇಕು, ಉಸಿರು ಹೊಟ್ಟೆಯಲ್ಲಿ ಬಿಗಿಯಬೇಕು, ಬೆನ್ನು ಹಲಗೆಯಂತಿರಬೇಕು. ನೆಟ್ಟಗೆ ನಿಂತ ಮೇಲೆ ತೀರ್ಪುಗಾರರು ಕೈ ಇಳಿಸಿ "ಡೌನ್" ಅನ್ನುವವರೆಗೆ ಅಲುಗುವಂತಿಲ್ಲ. ಆಮೇಲೂ ಎರಡು ಕೈಯಲ್ಲಿ ಹಿಡಿದೇ ಇಳಿಸಬೇಕು. ಕೈಬಿಟ್ಟರೆ ಎತ್ತಿದ್ದು ಎತ್ತಿದಂತಲ್ಲ. ಈ ಕೊನೆಯ ನಿಯಮವನ್ನು ಅವಳು ಎರಡು ಸಲ ಕೇಳಿ ತಿಳಿದುಕೊಂಡಳು.

ಮೂರನೆಯ ವಾರ ಎಪ್ಪತ್ತು ಕೆಜಿ ಎತ್ತಿ ನಡುಗುತ್ತ ನಿಂತಿದ್ದಳು. ಮೇಷ್ಟ್ರು ಹತ್ತಿರ ಬಂದು, "ಭಯ ಬುಡು ಕಣಮ್ಮ" ಅಂದರು. ರಾಡು ಅವರ ಪಾದದಿಂದ ನಾಲ್ಕು ಬೆರಳು ಆಚೆ ಬಿತ್ತು.

ಸಿದ್ದಕ್ಕ ಗೋಡೆಗೆ ಒರಗಿ ಕುಸಿದಳು. ಅಟ್ಟದ ಕಥೆಯನ್ನೆಲ್ಲ ಹೇಳಿ, ನಾಳೆಯಿಂದ ಬರುವುದಿಲ್ಲ ಎಂದಳು. ಮೇಷ್ಟ್ರು ತಮ್ಮ ಬೂಟನ್ನೊಮ್ಮೆ ನೋಡಿಕೊಂಡು ಅಂದರು:

"ಊರೆಲ್ಲಾ ಆಡೋ ಮಾತು ಅದು. ಎಷ್ಟು ಜನದ ಬಾಯಿ ಕಟ್ಟೀಯ? ದಿನಾ ಕೇಳು. ಕೇಳ್ಕಂಡೇ ಹಿಡ್ಕೊ."

ಮರುದಿನದಿಂದ ಅವಳು ಎತ್ತಿ ನಿಂತಾಗಲೆಲ್ಲ ಅವರು ಬುಡು ಅನ್ನುತ್ತಿದ್ದರು. ಮೆಲ್ಲಗೆ, ಗದರಿ, ಬೆನ್ನ ಹಿಂದಿನಿಂದ. ಕೆಲವು ದಿನ ಬೆರಳು ನಿಂತವು, ಕೆಲವು ದಿನ ಇಲ್ಲ. ಮೇಷ್ಟ್ರು ಮಾತ್ರ ಎರಡು ಮಾರು ದೂರ ನಿಂತೇ ಅನ್ನುತ್ತಿದ್ದರು.

ಸ್ಪರ್ಧೆಯ ಬೆಳಿಗ್ಗೆ ಬೋರಮ್ಮನೂ ಬಸ್ಸು ಹತ್ತಿದಳು. ನೀನು ಬೇಡ ಎಂದು ಸಿದ್ದಕ್ಕ ಹೇಳಿದರೂ ಕೇಳಲಿಲ್ಲ.

"ಈ ಸಲ ಕೆಳಗೆ ನಿಲ್ಲಲ್ಲ ಕಣಕ್ಕ, ಬತ್ತೀನಿ ಬುಡು."

ಸಿದ್ದಕ್ಕ ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ತುಮಕೂರು ಬರುವವರೆಗೆ ಹಾಗೇ ಇದ್ದಳು.

ಮೂರನೆಯ ಸರದಿಗೆ ತೊಂಬತ್ತು ಕೆಜಿ. ರಾಡು ಕಾಲನ್ನು ಉಜ್ಜುತ್ತ ಏರಿತು. ಅವಳು ನೆಟ್ಟಗೆ ನಿಂತಳು. ತೀರ್ಪುಗಾರರ ಕೈ ಇನ್ನೂ ಮೇಲೇ ಇತ್ತು. ಆಗ ಜನರ ನಡುವಿನಿಂದ ಬೋರಮ್ಮನ ದನಿ ಬಂತು.

"ಬುಡಬೇಡ ಕಣಕ್ಕ."

ಮಾತಿನ ಮೊದಲರ್ಧ ಮೊದಲು ಮುಟ್ಟಿತು. ಕಿರುಬೆರಳು ಬಿಚ್ಚಿತು, ಅದರ ಪಕ್ಕದ್ದೂ ಬಿಚ್ಚಿತು. ರಾಡು ಬೆರಳ ತುದಿಗೆ ಜಾರಿತು. ಅಟ್ಟದ ಧೂಳು, ಸುಯ್ಯೆಂದು ಓಡಿದ ಹಗ್ಗ, ಕೆಳಗಿನ ಆ ಕೂಗು ಎಲ್ಲ ಅವಳ ಕಿವಿಯಲ್ಲಿ ತುಂಬಿದವು. ಉಳಿದ ಬೆರಳುಗಳನ್ನು ಹೆಬ್ಬೆರಳಿನ ಮೇಲೆ ಒತ್ತಿ ಹಿಡಿದಳು. ಕಣ್ಣು ಮುಚ್ಚಲಿಲ್ಲ. ತೀರ್ಪುಗಾರರ ಕೈ ಇಳಿಯಿತು. "ಡೌನ್." ರಾಡು ನೆಲ ಮುಟ್ಟುವವರೆಗೂ ಅವಳು ಅದರೊಂದಿಗೇ ಬಗ್ಗಿದಳು.

ಎತ್ತಿದ್ದು ಸರಿ ಎಂದು ತೀರ್ಪಿನ ಮೂರು ದೀಪವೂ ಬೆಳ್ಳಗೆ ಹೊತ್ತಿಕೊಂಡವು. ಸಿದ್ದಕ್ಕ ಏಳಲಿಲ್ಲ. ಮೇಷ್ಟ್ರು ಕರೆದರು, ತೀರ್ಪುಗಾರರು ಕರೆದರು. ಅವಳ ಕೈ ರಾಡನ್ನು ಕಚ್ಚಿಕೊಂಡೇ ಇತ್ತು.

ಬೋರಮ್ಮ ಎದ್ದು ಬಂದಳು. ವೇದಿಕೆ ಎತ್ತರದಲ್ಲಿತ್ತು. ಕೆಳಗೆ ನಿಂತು, ಮುಖ ಮೇಲೆತ್ತಿ, ಸೊಟ್ಟ ಕೈಯನ್ನು ಅಂಚಿನ ಮೇಲಿಟ್ಟು ಮೆಲ್ಲಗೆ ಅಂದಳು:

"ಬುಡು."

ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.